ಇಬ್ಬರು ಸಲೀಮರು

ಹಳೆಯ ಹಿಂದಿ ಚಿತ್ರಗಳ ತಾರೆಯರನ್ನು ಕುರಿತು ನಮ್ಮ ಪತ್ರಿಕೆಗಳಲ್ಲಿ ಬರುವ ಬರಹಗಳಿಗೆ ಒಂದು ಸಿದ್ಧ ಅಚ್ಚು ಇದೆ. ಹುಟ್ಟುಹಬ್ಬವೋ ಪುಣ್ಯತಿಥಿಯೋ ಬಂದಾಗ ಆ ಅಚ್ಚನ್ನು ಹೊರತೆಗೆಯಲಾಗುತ್ತದೆ. ಬಡತನದ ಬಾಲ್ಯ, ಅಚಾನಕ್ಕಾಗಿ ಸಿಕ್ಕ ಮೊದಲ ಅವಕಾಶ, ಕೈಗೂಡದ ಪ್ರೇಮ, ಕಾಯಿಲೆ, ಒಂಟಿತನ, ಸಾವು. ನಡುವೆ ಐದಾರು ಚಿತ್ರಗಳ ಹೆಸರು, ಮೂರ್ನಾಲ್ಕು ಹಾಡುಗಳ ನೆನಪು. ಓದಿ ಮುಗಿಸುವ ಹೊತ್ತಿಗೆ ಮಧುಬಾಲಾ ಅವರ ಹೃದಯದಲ್ಲಿ ರಂಧ್ರವಿತ್ತೆಂಬುದು ನಮಗೆ ತಿಳಿದಿರುತ್ತದೆ. ಮೀನಾಕುಮಾರಿಯವರ ಕುಡಿತದ ಕಥೆ ತಿಳಿದಿರುತ್ತದೆ. ಇವರು ಕ್ಯಾಮರಾದ ಮುಂದೆ ನಿಂತಾಗ ಏನು ಮಾಡುತ್ತಿದ್ದರು, ಒಂದು ಮಾತನ್ನು ಹೇಗೆ ಆಡುತ್ತಿದ್ದರು, ಯಾವ ಮಾತನ್ನು ಆಡದೆ ಬಿಡುತ್ತಿದ್ದರು ಎಂಬುದು ಮಾತ್ರ ತಿಳಿದಿರುವುದಿಲ್ಲ.

ಮುಸ್ಲಿಮರಾದ ನಮ್ಮಲ್ಲಿ ಇದರ ಜೊತೆಗೆ ಇನ್ನೊಂದು ರೂಢಿಯೂ ಇದೆ. ಅದು ಲೆಕ್ಕ ಹಾಕುವ ರೂಢಿ. ದಿಲೀಪ್ ಕುಮಾರ್ ಎಂದರೆ ಯೂಸುಫ್ ಖಾನ್, ಮಧುಬಾಲಾ ಎಂದರೆ ಮುಮ್ತಾಜ್ ಜಹಾನ್, ಮೀನಾಕುಮಾರಿ ಎಂದರೆ ಮಹಜಬೀನ್ ಬಾನೊ, ನರ್ಗಿಸ್ ಎಂದರೆ ಫಾತಿಮಾ ರಶೀದ್ ಎಂದು ಬೆರಳು ಮಡಚುತ್ತಾ ಹೋಗುವುದು. ಸಿನಿಮಾ ನೋಡುವುದು ಗುನಾಹ್ ಎಂದು ಗದರುವ ಹಿರಿಯರೂ ಈ ಲೆಕ್ಕದಲ್ಲಿ ಒಂದು ಹೆಸರನ್ನು ಬಿಡುವುದಿಲ್ಲ. ಅಭದ್ರತೆಯಲ್ಲಿ ಬದುಕುವ ಸಮುದಾಯಕ್ಕೆ ಇಂಥ ಲೆಕ್ಕ ಸ್ವಲ್ಪ ಧೈರ್ಯ ಕೊಡುತ್ತದೆ. ಅದನ್ನು ಹೀಯಾಳಿಸುವುದು ನಮ್ಮ ಉದ್ದೇಶವಲ್ಲ. ಆದರೆ ಒಂದು ಪ್ರಶ್ನೆ ಕೇಳಲೇಬೇಕಾಗಿದೆ. ಕಾಯಿಲೆ ಮತ್ತು ಪ್ರೇಮದ ಕಥೆ ಒಂದು ಕಡೆ, 'ನಮ್ಮವರು' ಎಂಬ ಲೆಕ್ಕ ಇನ್ನೊಂದು ಕಡೆ. ಇವೆರಡರ ನಡುವೆ ನಾವು ಸಿನಿಮಾವನ್ನು ನೋಡಿದ್ದೇವೆಯೇ? ಸಿನಿಮಾದಲ್ಲಿ ನಮ್ಮನ್ನು ನೋಡಿಕೊಂಡಿದ್ದೇವೆಯೇ?

ಈ ಪ್ರಶ್ನೆಯನ್ನು ಇಬ್ಬರು ಸಲೀಮರ ಮೂಲಕ ಕೇಳಬಹುದು. ಒಬ್ಬ, 1960ರ 'ಮುಘಲ್-ಎ-ಆಜಮ್' ಚಿತ್ರದ ಶಹಜಾದಾ ಸಲೀಂ. ಇನ್ನೊಬ್ಬ, 1973ರ 'ಗರ್ಮ್ ಹವಾ' ಚಿತ್ರದ ಸಲೀಂ ಮಿರ್ಜಾ. ಮೊದಲನೆಯವನು ಹಿಂದೂಸ್ತಾನದ ತಖ್ತಿಗೆ ವಾರಸುದಾರ. ಎರಡನೆಯವನು ಆಗ್ರಾದಲ್ಲಿ ಷೂ ತಯಾರಿಸುವ ಸಣ್ಣ ಕಾರ್ಖಾನೆಯ ಒಡೆಯ. ಮೊದಲನೆಯವನನ್ನು ಅಭಿನಯಿಸಿದವರು ಪೇಶಾವರದಲ್ಲಿ ಹುಟ್ಟಿದ ಮುಸಲ್ಮಾನ, ಹಿಂದೂ ಹೆಸರಿನಲ್ಲಿ. ಎರಡನೆಯವನನ್ನು ಅಭಿನಯಿಸಿದವರು ರಾವಲ್ಪಿಂಡಿಯಲ್ಲಿ ಬೆಳೆದ ಪಂಜಾಬಿ ಹಿಂದೂ, ತಮ್ಮದೇ ಹೆಸರಿನಲ್ಲಿ. ಇಬ್ಬರ ಊರೂ ಇಂದು ಪಾಕಿಸ್ತಾನದಲ್ಲಿದೆ.

ಮೊದಲ ಸಲೀಂ

ಕೆ. ಆಸಿಫ್ ಅವರ 'ಮುಘಲ್-ಎ-ಆಜಮ್' ಬಗ್ಗೆ ಬರೆಯಲು ಹೊರಟವರನ್ನು ಅದರ ದಂತಕಥೆಗಳೇ ಅರ್ಧ ದಾರಿಯಲ್ಲಿ ತಡೆದು ನಿಲ್ಲಿಸುತ್ತವೆ. ನಲವತ್ತರ ದಶಕದಲ್ಲಿ ಶುರುವಾಗಿ 1960ರ ಆಗಸ್ಟ್‌ನಲ್ಲಿ ತೆರೆ ಕಂಡ ಚಿತ್ರ ಅದು. ನಡುವೆ ದೇಶ ಒಡೆಯಿತು, ಹಣ ಹಾಕಿದವರು ಬದಲಾದರು, ನಟರು ಬದಲಾದರು. ಶೀಶ್ ಮಹಲಿನ ಸೆಟ್ಟು, ಕಪ್ಪುಬಿಳುಪಿನ ಚಿತ್ರದ ನಡುವೆ ಥಟ್ಟನೆ ಬಣ್ಣದಲ್ಲಿ ಮೂಡುವ ಆ ಹಾಡು, ಬಡೇ ಗುಲಾಂ ಅಲಿ ಖಾನ್ ಅವರನ್ನು ಒಪ್ಪಿಸಲು ಕೊಟ್ಟ ಸಂಭಾವನೆ, ಬೊಂಬಾಯಿಯ ಮರಾಠಾ ಮಂದಿರದ ಮುಂದೆ ಟಿಕೆಟ್ಟಿಗೆ ನಿಂತ ಜನಸಾಗರ - ಇವೆಲ್ಲ ಎಷ್ಟು ಸಲ ಹೇಳಿದರೂ ರುಚಿ ಕೆಡದ ಕಥೆಗಳು. ಇವುಗಳ ಮೇಲೆ ದಿಲೀಪ್ ಕುಮಾರ್ ಮತ್ತು ಮಧುಬಾಲಾ ಅವರ ಮುರಿದ ಸಂಬಂಧದ ಕಥೆ ಬೇರೆ.

ಈ ಕಥೆಗಳನ್ನು ಪಕ್ಕಕ್ಕಿಟ್ಟು ಪರದೆಯನ್ನು ನೋಡೋಣ. ರಾತ್ರಿ ಅರಮನೆಯ ತೋಟದಲ್ಲಿ ಸಲೀಂ ಮತ್ತು ಅನಾರ್ಕಲಿ ಇದ್ದಾರೆ. ದೂರದಲ್ಲಿ ತಾನ್‌ಸೇನ್ ಹಾಡುತ್ತಿದ್ದಾನೆ. ದನಿ ಬಡೇ ಗುಲಾಂ ಅಲಿ ಖಾನರದು, ರಾಗ ಸೋಹ್ನಿ. ಸಲೀಂ ಒಂದು ಬಿಳಿ ಗರಿಯಿಂದ ಅನಾರ್ಕಲಿಯ ಮುಖವನ್ನು ಸವರುತ್ತಾನೆ. ಇಬ್ಬರೂ ಹೆಚ್ಚುಕಡಿಮೆ ಮಾತೇ ಆಡುವುದಿಲ್ಲ. ಹಿಂದಿ ಚಿತ್ರರಂಗದ ಅತ್ಯಂತ ತೀವ್ರವಾದ ಪ್ರಣಯದ ದೃಶ್ಯ ಇದೆಂದು ಹೇಳುವವರು ಬಹಳ. ಆಗ ಆ ಇಬ್ಬರು ಪರಸ್ಪರ ಮಾತು ಬಿಟ್ಟಿದ್ದರು ಎಂದೂ ಅವರು ತಪ್ಪದೆ ಸೇರಿಸುತ್ತಾರೆ. ಹಾಗೆ ಸೇರಿಸಿದ ಕೂಡಲೇ ಓದುಗನ ಗಮನ ದೃಶ್ಯವನ್ನು ಬಿಟ್ಟು ಅವರ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಆ ದೃಶ್ಯದಲ್ಲಿ ದಿಲೀಪ್ ಕುಮಾರ್ ತಮ್ಮ ಮುಖವನ್ನು ಬಹುತೇಕ ನಿಶ್ಚಲವಾಗಿ ಇಟ್ಟುಕೊಂಡು ಇಡೀ ದೃಶ್ಯವನ್ನು ಮಧುಬಾಲಾ ಅವರಿಗೆ ಬಿಟ್ಟುಕೊಟ್ಟಿದ್ದಾರೆ. ಚಲನೆಯೆಲ್ಲ ಅವರ ರೆಪ್ಪೆಗಳಲ್ಲಿದೆ, ಉಸಿರಿನಲ್ಲಿದೆ. ಒಬ್ಬ ದೊಡ್ಡ ನಟ ಎದುರಿಗಿರುವ ನಟಿಗೆ ಜಾಗ ಬಿಟ್ಟುಕೊಡುವುದು ಹೇಗೆ ಎಂಬುದಕ್ಕೆ ಇದು ಪಾಠ. ಕ್ಯಾಮರಾ ಚಾಲೂ ಆಗುವ ಮುಂಚೆ ಅವರು ಮಾತಾಡಿದರೇ ಇಲ್ಲವೇ ಎಂಬುದರಿಂದ ಈ ಪಾಠಕ್ಕೆ ಏನೂ ಕೂಡುವುದಿಲ್ಲ, ಏನೂ ಕಳೆಯುವುದಿಲ್ಲ.

ಮಧುಬಾಲಾ ಅವರ ಸೆರೆಮನೆಯ ದೃಶ್ಯಗಳ ಗತಿಯೂ ಇದೇ. ಸರಪಳಿಗಳು ನಿಜವಾದವು, ಕಾಯಿಲೆಯ ಮೈಗೆ ಅವು ಭಾರವಾಗಿದ್ದವು ಎಂದು ಬರೆಯುತ್ತೇವೆ. ಅದು ನಿಜವೇ. ಆದರೆ ಸರಪಳಿಯ ಭಾರಕ್ಕೆ ಬಾಗಿದ ಹೆಣ್ಣು ಅದೇ ಬಾಗಿದ ಭಂಗಿಯಲ್ಲೇ ಬಾದಶಹನ ಮುಂದೆ ತಲೆ ಎತ್ತಿ ನೋಡುವ ರೀತಿ ಇದೆಯಲ್ಲ, ಅದು ಕಾಯಿಲೆಯಿಂದ ಬಂದದ್ದಲ್ಲ, ಕಲಿತು ಬಂದದ್ದು. ಬಾಲನಟಿಯಾಗಿ ಸ್ಟುಡಿಯೋಕ್ಕೆ ಕಾಲಿಟ್ಟು ಅಲ್ಲೇ ಬೆಳೆದ ಹೆಣ್ಣುಮಗಳ ದುಡಿಮೆ ಅದು. ತಾರೆಯ ಕಣ್ಣೀರನ್ನು ಹೊಗಳುವ ಭರದಲ್ಲಿ ನಾವು ಅವಳ ದುಡಿಮೆಯನ್ನು ಅಳಿಸಿಹಾಕುತ್ತೇವೆ. ನಟಿಯರ ವಿಷಯದಲ್ಲಂತೂ ಇದು ತಪ್ಪದೆ ನಡೆಯುತ್ತದೆ.

ನಟನಾಗಿ ದಿಲೀಪ್ ಕುಮಾರ್ ಅವರಿಗೆ ಶಹಜಾದಾ ಸಲೀಂ ಅಷ್ಟೇನೂ ಹೊಂದಿದ ಪಾತ್ರವಲ್ಲ. ಬರವಣಿಗೆಯಲ್ಲೇ ಅದು ತೆಳು. ಚಿತ್ರದ ಒಳ್ಳೊಳ್ಳೆಯ ಮಾತುಗಳೆಲ್ಲ ಅಕ್ಬರನಿಗೂ ಅನಾರ್ಕಲಿಗೂ ಹೋಗಿವೆ. ಪೃಥ್ವಿರಾಜ್ ಕಪೂರ್ ಅವರದು ರಂಗಭೂಮಿಯ ಗಂಟಲು. ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳಿಸಬೇಕೆಂಬ ಹಟದ ಗಂಟಲು ಅದು. ಅದರ ಎದುರು ದಿಲೀಪ್ ದನಿ ತಗ್ಗಿಸಿ ಮಾತಾಡುತ್ತಾರೆ. ಅಪ್ಪ ಗುಡುಗಿದಷ್ಟೂ ಮಗ ತಣ್ಣಗಾಗುತ್ತಾನೆ. ಅಧಿಕಾರದ ಅಬ್ಬರಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇರಲಾರದು. ಮರುವರ್ಷವೇ, 1961ರ 'ಗಂಗಾ ಜಮುನಾ'ದಲ್ಲಿ ಇದೇ ದಿಲೀಪ್ ಕುಮಾರ್ ದರ್ಬಾರಿನ ಉರ್ದುವನ್ನು ಬಿಟ್ಟು ಅವಧ್ ಸೀಮೆಯ ಹಳ್ಳಿಗನ ಮಾತನ್ನು ಅಷ್ಟೇ ಸಲೀಸಾಗಿ ಆಡಿದರು. ಹಳ್ಳಿಗ ಗಂಗಾನ ನಡಿಗೆಯಲ್ಲಿ ಶಹಜಾದೆಯ ನಡಿಗೆಯ ಒಂದು ಹೆಜ್ಜೆಯೂ ಕಾಣುವುದಿಲ್ಲ. ಅವರ ದೊಡ್ಡತನವನ್ನು ಅಳೆಯಬೇಕಾದದ್ದು ಇಂಥ ಕಡೆ.

ದರ್ಬಾರಿನ ಉರ್ದು ಮತ್ತು ನಮ್ಮ ಮನೆಯ ಮಾತು

'ಮುಘಲ್-ಎ-ಆಜಮ್' ನಮಗೆ, ಅಂದರೆ ಕರ್ನಾಟಕದ ಮುಸ್ಲಿಮರಿಗೆ, ಏನು ಕೊಟ್ಟಿತು? ಮೊದಲನೆಯದಾಗಿ ಒಂದು ಭಾಷೆಯ ರುಚಿ. ವಜಾಹತ್ ಮಿರ್ಜಾ, ಕಮಾಲ್ ಅಮ್ರೋಹಿ, ಅಮಾನ್, ಎಹ್ಸಾನ್ ರಿಜ್ವಿ ಸೇರಿ ಬರೆದ ಸಂಭಾಷಣೆ ಅದು. ಉರ್ದು ಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಪಠ್ಯಪುಸ್ತಕದಲ್ಲಿ ಒಣಗಿ ಕೂತಿದ್ದ ಪದಗಳು ಪರದೆಯ ಮೇಲೆ ಜೀವ ತಳೆದು ನಡೆದಾಡಿದವು. ಸೆರೆಯಲ್ಲಿರುವ ಅನಾರ್ಕಲಿ ಪ್ರವಾದಿಯವರಲ್ಲಿ ಮೊರೆಯಿಡುವ ನಅತ್ ಅನ್ನು ಸಿನಿಮಾ ನೋಡದ ಅಜ್ಜಿಯರೂ ಗುನುಗುತ್ತಿದ್ದರು. ಅದೇ ಚಿತ್ರದಲ್ಲಿ ಅಕ್ಬರನ ಅರಮನೆಯಲ್ಲಿ ಕೃಷ್ಣ ಜನ್ಮಾಷ್ಟಮಿ ನಡೆಯುತ್ತದೆ. ನೌಷಾದ್ ಸಂಗೀತ, ಲತಾ ಮಂಗೇಶ್ಕರ್ ಕಂಠ, ಮುಮ್ತಾಜ್ ಜಹಾನ್ ಎಂಬ ಮಧುಬಾಲಾ ಅವರ ನೃತ್ಯ. ದುರ್ಜನ್ ಸಿಂಗ್ ಎಂಬ ರಜಪೂತನಾಗಿ ಸಲೀಮನ ಬೆನ್ನಿಗೆ ನಿಂತವರು ಅಜಿತ್, ಅಂದರೆ ಹಾಮಿದ್ ಅಲಿ ಖಾನ್. ದೇಶ ಒಡೆದು ಹದಿಮೂರು ವರ್ಷವಾಗಿದ್ದಾಗ ಬಂದ ಚಿತ್ರವೊಂದು ಇಷ್ಟನ್ನು ಹೇಳಿದ್ದು ಸಣ್ಣದಲ್ಲ.

ಆದರೆ ಈ ಭಾಷೆಯ ಕೊಡುಗೆಗೆ ಇನ್ನೊಂದು ಮುಖವೂ ಇತ್ತು. ಇಲ್ಲಿನ ಬಹುಪಾಲು ಉರ್ದು ಮನೆಗಳಲ್ಲಿ ಆಡುವುದು ದಖನಿ. 'ಹೌ', 'ನಕ್ಕೊ' ಎನ್ನುವ, ಕನ್ನಡ ತೆಲುಗು ಮರಾಠಿಗಳೊಡನೆ ಶತಮಾನಗಳ ಕೊಡುಕೊಳೆ ನಡೆಸಿದ ಮಾತು ಅದು. ಬಿಜಾಪುರ, ಗೋಲ್ಕೊಂಡಗಳಲ್ಲಿ ದಖನಿ ಕಾವ್ಯ ಅರಳಿದ ಕಾಲಕ್ಕೆ ಲಖನೌದ ಉರ್ದು ಕಾವ್ಯ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಹೀಗಿದ್ದೂ ಬೆಳ್ಳಿಪರದೆಯ ಉರ್ದು ಕೇಳಿದ ಮೇಲೆ ನಮ್ಮ ಮಕ್ಕಳಿಗೆ ಮನೆಯ ಮಾತು ಒರಟು ಎನಿಸತೊಡಗಿತು. ಹಿಂದಿ ಚಿತ್ರಗಳಲ್ಲಿ ದಖನಿ ಬಂದಾಗಲೆಲ್ಲ ನಗಿಸುವುದಕ್ಕೇ ಬಂತು. ಮೆಹಮೂದ್ ಅವರ ಬಾಯಲ್ಲಿ ಹೈದರಾಬಾದಿ ಮಾತು ಕೇಳಿ ನಾವೂ ನಕ್ಕೆವು. ಪ್ರೇಮಿಸುವವನು ಲಖನೌದವನು, ನಗಿಸುವವನು ದಖ್ಖನಿನವನು ಎಂಬ ಹಂಚಿಕೆಯನ್ನು ಯಾರೂ ಪ್ರಶ್ನಿಸಲಿಲ್ಲ.

ಆ ಲಖನೌ ಆದರೂ ಎಂಥದು? 'ಮುಸ್ಲಿಂ ಸೋಷಿಯಲ್' ಎಂದು ಕರೆಯುವ ಚಿತ್ರಗಳ ಸಾಲನ್ನು ನೆನೆಯಿರಿ. 1960ರ 'ಚೌದ್ವೀ ಕಾ ಚಾಂದ್', 1963ರ 'ಮೇರೆ ಮೆಹಬೂಬ್', 1972ರ 'ಪಾಕೀಜಾ'. ಇವು ಸುಂದರ ಚಿತ್ರಗಳು. ಇಂದಿಗೂ ನೋಡುತ್ತೇವೆ, ನಾಳೆಯೂ ನೋಡುತ್ತೇವೆ. ಬುರ್ಖಾದ ಅಂಚಿನಲ್ಲಿ ಕಂಡ ಎರಡು ಕಣ್ಣು, ಅದಲುಬದಲಾದ ನಕಾಬು, ಮುಶಾಯಿರಾ, ಹವೇಲಿ, ಕೋಠಾ. ಎಲ್ಲರೂ 'ಆದಾಬ್' ಎನ್ನುತ್ತಾ ಬಾಗುತ್ತಾರೆ. ಉತ್ತರಪ್ರದೇಶದಲ್ಲಿ ಜಮೀನ್ದಾರಿ ರದ್ದತಿಯ ಕಾನೂನು ಬಂದದ್ದು 1950ರಲ್ಲಿ. ಅಂದರೆ ಈ ಚಿತ್ರಗಳು ತಯಾರಾಗುವ ಹೊತ್ತಿಗೆ ಆ ನವಾಬಿ ಲೋಕದ ಬುನಾದಿಯೇ ಕುಸಿದಿತ್ತು. ಈ ಚಿತ್ರಗಳಲ್ಲಿ ಸಾಲದಲ್ಲಿ ಮುಳುಗಿದ ನವಾಬ ಬರುತ್ತಾನೆ, ಸಾಲ ಕೇಳಲು ಬ್ಯಾಂಕಿನ ಮೆಟ್ಟಿಲು ಹತ್ತುವ ಮುಸಲ್ಮಾನ ಬರುವುದಿಲ್ಲ. ಶಿಡ್ಲಘಟ್ಟದ ರೀಲರ್, ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವನು, ಬೀಡಿ ಕಟ್ಟುವ ಹೆಂಗಸು, ಗ್ಯಾರೇಜಿನ ಹುಡುಗ ಇವರ ಸರೀಕರು ಯಾರೂ ಆ ಪರದೆಯ ಮೇಲೆ ಇರಲಿಲ್ಲ. ಹೀಗೆ ನಾವು ಇಲ್ಲದ ಚಿತ್ರವನ್ನು ನಮ್ಮದೆಂದು ಪ್ರೀತಿಸಿದೆವು. ಮುಸಲ್ಮಾನರಲ್ಲದ ಪ್ರೇಕ್ಷಕರೂ ಆ ನವಾಬನನ್ನೇ ಮುಸಲ್ಮಾನನೆಂದು ತಿಳಿದರು. ನಾಶವಾದ ನವಾಬನನ್ನು ಪ್ರೀತಿಸುವುದು ಎಲ್ಲರಿಗೂ ಸುಲಭ. ಅವನು ಯಾರ ಪಕ್ಕದ ಮನೆಯನ್ನೂ ಬಾಡಿಗೆಗೆ ಕೇಳುವುದಿಲ್ಲ.

ಎರಡನೆಯ ಸಲೀಂ

ಬಾಡಿಗೆ ಮನೆ ಕೇಳುವವನು ಸಲೀಂ ಮಿರ್ಜಾ. 'ಗರ್ಮ್ ಹವಾ'ವನ್ನು ನಿರ್ದೇಶಿಸಿದವರು ನಮ್ಮ ಮೈಸೂರಿನ ಎಂ.ಎಸ್. ಸತ್ಯು. ಇಸ್ಮತ್ ಚುಗ್ತಾಯಿ ಅವರ ಕಥೆಯನ್ನು ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕಥೆಯಾಗಿಸಿದರು. ಫಿಲಂ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟ ಸಾಲ ಎರಡೂವರೆ ಲಕ್ಷ ರೂಪಾಯಿ. ಆಸಿಫ್ ಅವರ ಚಿತ್ರದಲ್ಲಿ ಒಂದು ಹಾಡಿನ ಖರ್ಚೇ ಇದನ್ನು ಮೀರಿರಬೇಕು. ಆಗ್ರಾದಲ್ಲಿ ಚಿತ್ರೀಕರಣಕ್ಕೆ ವಿರೋಧ ಬಂದಾಗ ಸತ್ಯು ಇನ್ನೊಂದು ತಂಡವನ್ನು ರೀಲಿಲ್ಲದ ಕ್ಯಾಮರಾ ಕೊಟ್ಟು ಬೇರೆ ಕಡೆ ಕಳಿಸಿ ಜನರ ಗಮನ ತಿರುಗಿಸಿದ ಕಥೆ ಇದೆ. ಗಲಭೆ ಎಬ್ಬಿಸಬಹುದೆಂಬ ಅನುಮಾನದಲ್ಲಿ ಸೆನ್ಸಾರ್ ಹಲವು ತಿಂಗಳು ಚಿತ್ರವನ್ನು ತಡೆದಿಟ್ಟಿತು. ಕೊನೆಗೆ 1974ರಲ್ಲಿ ಅದು ಮೊದಲು ತೆರೆ ಕಂಡದ್ದು ಬೆಂಗಳೂರಿನಲ್ಲಿ. ಗಲಭೆಯೇನೂ ಆಗಲಿಲ್ಲ. ಮುಂದೆ ಅದಕ್ಕೆ ರಾಷ್ಟ್ರೀಯ ಭಾವೈಕ್ಯದ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು.

ಕಥೆ ಇಷ್ಟು. ವಿಭಜನೆ ಆಗಿದೆ, ಗಾಂಧಿಯ ಕೊಲೆ ಆಗಿದೆ. ಸಲೀಂ ಮಿರ್ಜಾನ ಕುಟುಂಬ ಒಬ್ಬೊಬ್ಬರಾಗಿ ಪಾಕಿಸ್ತಾನಕ್ಕೆ ಹೊರಡುತ್ತಿದೆ. ಅವನು ಮಾತ್ರ ಹೋಗುವುದಿಲ್ಲ. ಹವೇಲಿ ಪಾಕಿಸ್ತಾನಕ್ಕೆ ಹೋದ ಅಣ್ಣನ ಹೆಸರಿನಲ್ಲಿದ್ದುದರಿಂದ ಸರ್ಕಾರ ಅದನ್ನು ವಶಪಡಿಸಿಕೊಂಡು ಸಿಂಧ್‌ನಿಂದ ಬಂದ ನಿರಾಶ್ರಿತ ವ್ಯಾಪಾರಿಗೆ ಕೊಡುತ್ತದೆ. ಬ್ಯಾಂಕು ಸಾಲ ಕೊಡುವುದಿಲ್ಲ. ನಾಳೆ ಇವನೂ ಗಡಿ ದಾಟಿದರೆ ಗತಿಯೇನು ಎಂಬುದು ಅದರ ಅಂಜಿಕೆ. ಮಗಳು ಆಮಿನಾ ಎರಡು ಸಲ ಪ್ರೇಮಿಸುತ್ತಾಳೆ. ಎರಡು ಸಲವೂ ಹುಡುಗ ಆ ಕಡೆಯವನಾಗುತ್ತಾನೆ. ಕೊನೆಗೆ ಅವಳು ಮದುವಣಗಿತ್ತಿಯ ಉಡುಪು ತೊಟ್ಟು ಪ್ರಾಣ ಕಳೆದುಕೊಳ್ಳುತ್ತಾಳೆ. ಓದು ಮುಗಿಸಿದ ಮಗ ಸಿಕಂದರನಿಗೆ ಕೆಲಸವಿಲ್ಲ.

ಬಲರಾಜ್ ಸಾಹ್ನಿ ಇದನ್ನು ಹೇಗೆ ಹೊತ್ತಿದ್ದಾರೆ ಎಂಬುದನ್ನು ಗಮನಿಸಬೇಕು. ಚಿತ್ರದ ಆರಂಭದಲ್ಲಿ ಸಲೀಂ ಮಿರ್ಜಾ ರೈಲು ನಿಲ್ದಾಣದಲ್ಲಿ ನಿಂತು ಯಾರನ್ನೋ ಕಳಿಸಿಕೊಡುತ್ತಿದ್ದಾನೆ. ಗಾಡಿ ಹೊರಡುತ್ತದೆ, ಕೈ ಬೀಸುತ್ತಾನೆ. ಈ ಬೀಳ್ಕೊಡುಗೆ ಚಿತ್ರದುದ್ದಕ್ಕೂ ಮರುಕಳಿಸುತ್ತದೆ. ಬೇರೆ ನಟನಾಗಿದ್ದರೆ ಪ್ರತಿ ಸಲವೂ ದುಃಖವನ್ನು ಒಂದು ಮಟ್ಟ ಏರಿಸುತ್ತಾ ಹೋಗುತ್ತಿದ್ದ. ಸಾಹ್ನಿಯವರಲ್ಲಿ ಬೀಳ್ಕೊಡುವುದು ದುಃಖಕ್ಕಿಂತ ಹೆಚ್ಚಾಗಿ ಒಂದು ಅಭ್ಯಾಸವಾಗುತ್ತಾ ಹೋಗುತ್ತದೆ. ಜನ ಹೋಗುತ್ತಾರೆ, ಕಳಿಸಿಕೊಟ್ಟು ಬರಬೇಕು, ಕಾರ್ಖಾನೆಯಲ್ಲಿ ಕೆಲಸವಿದೆ. ನಮಗೆ ಎದೆ ಒಡೆಯುವುದು ಅವನು ಆ ಅಭ್ಯಾಸಕ್ಕೆ ಬಿದ್ದದ್ದನ್ನು ಕಂಡು.

ಮನೆ ಹುಡುಕುವ ಸಂದರ್ಭ ನೋಡಿ. ಅಲೆದು ಸುಸ್ತಾದ ಸಲೀಂ ಮಿರ್ಜಾ, ಮನೆ ನೋಡುವುದಕ್ಕೆ ಮೊದಲೇ ತಾನು ಮುಸಲ್ಮಾನನೆಂದು ಹೇಳಿಬಿಡುತ್ತಾನೆ. ಆಮೇಲೆ ತಕರಾರು ಬೇಡ ಎಂಬ ಧಾಟಿ. ಸಾಹ್ನಿ ಈ ಮಾತನ್ನು ಕೋಪದಿಂದ ಆಡುವುದಿಲ್ಲ, ದೈನ್ಯದಿಂದಲೂ ಆಡುವುದಿಲ್ಲ. ವ್ಯಾಪಾರಿ ತನ್ನ ಸರಕಿನ ದೋಷವನ್ನು ಗಿರಾಕಿಗೆ ಮೊದಲೇ ತಿಳಿಸುವ ಹಾಗೆ ಆಡುತ್ತಾರೆ. ಅರ್ಧ ಶತಮಾನ ಕಳೆದಿದೆ. ಬೆಂಗಳೂರಿನಲ್ಲಿ, ಮುಂಬೈಯಲ್ಲಿ ಮನೆ ಹುಡುಕುವ ನಮ್ಮ ಹುಡುಗರು ಫೋನಿನಲ್ಲಿ ಬಾಡಿಗೆ ಕೇಳುವ ಮೊದಲೇ ಹೆಸರು ಹೇಳುವುದನ್ನು ಕಲಿತಿದ್ದಾರೆ. ಅವರಲ್ಲಿ ಹಲವರು ಈ ಚಿತ್ರವನ್ನು ನೋಡಿಲ್ಲ. ಆದರೂ ಅದೇ ದನಿಯಲ್ಲಿ ಮಾತಾಡುತ್ತಾರೆ. ಒಬ್ಬ ನಟ ಒಂದು ಸಮುದಾಯದ ದನಿಯನ್ನು ಇಷ್ಟು ನಿಖರವಾಗಿ ಹಿಡಿದದ್ದಕ್ಕೆ ಬೇರೆ ಸಾಕ್ಷಿ ಬೇಕೇ?

ಮುದಿ ತಾಯಿ ಹವೇಲಿಯನ್ನು ಬಿಟ್ಟು ಬರಲು ಒಪ್ಪದೆ ಅಡಗಿ ಕೂರುತ್ತಾಳೆ. ಅವಳನ್ನು ಎತ್ತಿಕೊಂಡೇ ಹೊರತರಬೇಕಾಗುತ್ತದೆ. ಆಗ್ರಾದಲ್ಲೇ ಸಿಕ್ಕ ವೃದ್ಧೆ ಬದರ್ ಬೇಗಂ ಈ ಪಾತ್ರ ಮಾಡಿದ್ದಾರೆ. ದನಿ ದೀನಾ ಪಾಠಕ್ ಅವರದು. ಸಾಯುವ ಹೊತ್ತಿಗೆ ಪಲ್ಲಕ್ಕಿಯಲ್ಲಿ ಅವಳನ್ನು ಹವೇಲಿಗೆ ಮರಳಿ ಕರೆದೊಯ್ಯುತ್ತಾರೆ. ಮದುಮಗಳಾಗಿ ಮೊದಲ ಸಲ ಆ ಹೊಸ್ತಿಲಿಗೆ ಬಂದ ದಿನದ ಸದ್ದುಗಳು ಅವಳ ಕಿವಿಯಲ್ಲಿವೆ. ಬಾಗಿಲು ತೆರೆದುಕೊಡುವವನು ಅಜಮಾನಿ, ಎ.ಕೆ. ಹಾನಗಲ್ ಅಭಿನಯಿಸಿದ ಸಿಂಧಿ ವ್ಯಾಪಾರಿ. ಅವನೂ ಮನೆ ಕಳೆದುಕೊಂಡು ಬಂದವನೇ. ಸತ್ಯು ಈ ಸನ್ನಿವೇಶಕ್ಕೆ ಭಾಷಣ ಸೇರಿಸಿಲ್ಲ. ಮನೆ ಕಳೆದುಕೊಂಡ ಇಬ್ಬರು ಒಂದೇ ಬಾಗಿಲ ಆಚೆ ಈಚೆ ನಿಂತಿದ್ದಾರೆ, ಅಷ್ಟೇ.

ಈ ಚಿತ್ರದಲ್ಲೂ ಕವ್ವಾಲಿ ಇದೆ, ದರ್ಗಾ ಇದೆ, ತಾಜಮಹಲಿದೆ, ಯಮುನೆಯಲ್ಲಿ ದೋಣಿ ಇದೆ. ಮುಸ್ಲಿಂ ಸೋಷಿಯಲ್ ಚಿತ್ರಗಳ ಸಾಮಾನೆಲ್ಲ ಇದೆ. ಕವ್ವಾಲಿ ನಡೆಯುವುದು ಫತೇಪುರ್ ಸಿಕ್ರಿಯ ಶೇಖ್ ಸಲೀಂ ಚಿಶ್ತಿಯವರ ದರ್ಗಾದಲ್ಲಿ. ಅಕ್ಬರ್ ತನ್ನ ಮಗನಿಗೆ ಸಲೀಂ ಎಂದು ಹೆಸರಿಟ್ಟದ್ದು ಅದೇ ಸಂತರ ನೆನಪಿಗೆ. ಮಗನನ್ನು ಬೇಡಿ ಸುಡುವ ಮರಳಿನ ಮೇಲೆ ಬಾದಶಹ ಬರಿಗಾಲಲ್ಲಿ ನಡೆಯುವ ದೃಶ್ಯದಿಂದಲೇ 'ಮುಘಲ್-ಎ-ಆಜಮ್' ಶುರುವಾಗುತ್ತದೆ. ಹರಕೆಯಲ್ಲಿ ಹುಟ್ಟಿದ ಸಲೀಂ ತಖ್ತಿಗೂ ಪ್ರೇಮಕ್ಕೂ ನಡುವೆ ಒದ್ದಾಡಿದ. ಅದೇ ದರ್ಗಾದಲ್ಲಿ ಷೂ ಮಾರುವ ಸಲೀಮನ ಮಗಳು ಎರಡನೆಯ ಪ್ರೇಮಕ್ಕೆ ಒಪ್ಪಿಗೆ ಕೊಡುವತ್ತ ಸಾಗುತ್ತಾಳೆ. ಅನಾರ್ಕಲಿಗೆ ಅಡ್ಡ ನಿಂತದ್ದು ಗೋಡೆ. ಆಮಿನಾಗೆ ಅಡ್ಡ ಬಂದದ್ದು ಪಾಸ್‌ಪೋರ್ಟು. ಅನಾರ್ಕಲಿಯ ಕಥೆ ಇತಿಹಾಸಕ್ಕಿಂತ ಹೆಚ್ಚಾಗಿ ಇಮ್ತಿಯಾಜ್ ಅಲಿ ತಾಜ್ ಅವರ ಉರ್ದು ನಾಟಕದಿಂದ ಬಂದದ್ದು. ಆಸಿಫ್ ಅವಳನ್ನು ಸುರಂಗದ ದಾರಿಯಿಂದ ಬದುಕಿಸಿ ಕಳಿಸಿಬಿಟ್ಟರು. ಆಮಿನಾಗೆ ಅಂಥ ಸುರಂಗ ಸಿಗಲಿಲ್ಲ.

ಮೌನದ ಮೇಲೆ ಹೊದಿಸಿದ ಕಥೆ

ಆಮಿನಾಳ ಶವವನ್ನು ಸಲೀಂ ಮಿರ್ಜಾ ಕಾಣುವ ದೃಶ್ಯದ ಬಗ್ಗೆ ಬರೆದವರೆಲ್ಲ ಒಂದು ಸಂಗತಿಯನ್ನು ಸೇರಿಸುತ್ತಾರೆ. 1972ರಲ್ಲಿ ಬಲರಾಜ್ ಸಾಹ್ನಿ ಅವರ ಸ್ವಂತ ಮಗಳು ತೀರಿಕೊಂಡಿದ್ದರು. ಆ ನೋವೇ ಪರದೆಯ ಮೇಲೆ ಬಂದಿದೆ ಎನ್ನುತ್ತಾರೆ. ಸಾಹ್ನಿ ಈ ಚಿತ್ರದ ಡಬ್ಬಿಂಗ್ ಮುಗಿಸಿದ ಮರುದಿನ, 1973ರ ಏಪ್ರಿಲ್ 13ರಂದು ನಿಧನರಾದರೆಂಬುದನ್ನೂ ಸೇರಿಸುತ್ತಾರೆ. ಎರಡೂ ನಡೆದ ಸಂಗತಿಗಳೇ. ಒಬ್ಬ ತಂದೆಯ ನೋವನ್ನು ನಾವು ಹಗುರ ಮಾಡಲಾರೆವು.

ಆದರೂ ಕೇಳಬೇಕು. ಮಗಳನ್ನು ಕಳೆದುಕೊಂಡ ತಂದೆಯರು ಲೋಕದಲ್ಲಿ ಎಷ್ಟೋ ಮಂದಿ. ಅವರೆಲ್ಲ ಆ ದೃಶ್ಯವನ್ನು ಮಾಡಬಲ್ಲರೇ? ಅಲ್ಲಿ ಸಾಹ್ನಿ ಅಳುವುದಿಲ್ಲ, ಕೂಗುವುದಿಲ್ಲ. ಮಾತಿಲ್ಲದೆ ನೋಡುತ್ತಾರೆ. ಕಣ್ಣೀರೇ ನಟನೆಯ ಅಳತೆಗೋಲಾಗಿದ್ದ ಚಿತ್ರರಂಗದಲ್ಲಿ ಹಾಗೆ ನಿಲ್ಲುವುದು ಒಂದು ನಿರ್ಧಾರ. ಅದರ ಹಿಂದೆ ಒಂದು ದೀರ್ಘ ತಯಾರಿ ಇದೆ. ಲಾಹೋರಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಶಾಂತಿನಿಕೇತನದಲ್ಲಿ ಪಾಠ ಹೇಳಿ, ಸೇವಾಗ್ರಾಮದಲ್ಲಿ ಕೆಲಸ ಮಾಡಿ, ಲಂಡನ್ನಿನ ಬಿಬಿಸಿಯಲ್ಲಿ ಮೈಕಿನ ಮುಂದೆ ಕೂತು, ಇಪ್ಟಾ ನಾಟಕಗಳಲ್ಲಿ ದುಡಿದು ಬಂದ ನಟ ಅವರು. 1953ರ 'ದೋ ಬಿಘಾ ಜಮೀನ್'ಗಾಗಿ ಕಲಕತ್ತೆಯ ಬೀದಿಗಳಲ್ಲಿ ಬರಿಗಾಲಲ್ಲಿ ರಿಕ್ಷಾ ಎಳೆದವರು. 1961ರ 'ಕಾಬೂಲಿವಾಲಾ'ದಲ್ಲಿ ಮಗಳಿಂದ ದೂರವಾದ ಪಠಾಣನಾಗಿದ್ದಾಗ ಅವರ ಮಗಳು ಬದುಕಿಯೇ ಇದ್ದರು. ಆ ಪಠಾಣನ ವಿರಹ ನಮಗೆ ಸುಳ್ಳೆನಿಸಲಿಲ್ಲ. ನಟನ ವೈಯಕ್ತಿಕ ದುಃಖವನ್ನು ಅವನ ನಟನೆಗೆ ಕಾರಣವಾಗಿ ತೋರಿಸುವುದೆಂದರೆ, ನಟನೆ ತನ್ನಷ್ಟಕ್ಕೆ ಏನೂ ಅಲ್ಲ ಎಂದ ಹಾಗೆ. ಕಥೆ ಬರೆಯುವ ನಮಗೂ ಈ ಕಾಟ ಇದೆ. ಮುಸ್ಲಿಂ ಹೆಣ್ಣಿನ ಬಗ್ಗೆ ಬರೆದರೆ 'ಇದು ನಿಮ್ಮ ಮನೆಯ ಕಥೆಯೇ?' ಎಂಬ ಪ್ರಶ್ನೆ ಮೊದಲು ಬರುತ್ತದೆ. ವಾಕ್ಯ ಹೇಗಿದೆ ಎಂದು ಯಾರೂ ಕೇಳುವುದಿಲ್ಲ.

ಲೆಕ್ಕದ ಪುಸ್ತಕ ಮುಚ್ಚಿಡೋಣ

ಈಗ 'ನಮ್ಮವರು' ಎಂಬ ಲೆಕ್ಕಕ್ಕೆ ಬರೋಣ. 1944ರ 'ಜ್ವಾರ್ ಭಾಟಾ' ಹೊತ್ತಿಗೆ ಯೂಸುಫ್ ಖಾನ್ ದಿಲೀಪ್ ಕುಮಾರ್ ಆದರು. ದೇವಿಕಾ ರಾಣಿ ಸೂಚಿಸಿದ ಹೆಸರು ಅದು. ಮುಂದೆ ಅವರು ದೇವದಾಸನಾದರು, ಗಂಗಾ ಆದರು. ಪರದೆಯ ಮೇಲೆ ಅವರು ಮುಸಲ್ಮಾನನಾಗಿ ನೆನಪಿನಲ್ಲಿ ಉಳಿದದ್ದು ಕಿರೀಟದ ಕೆಳಗೆ, ಶಹಜಾದೆಯಾಗಿ ಮಾತ್ರ. ಸಾಮಾನ್ಯ ಮುಸಲ್ಮಾನನ ಬದುಕನ್ನು ಪರದೆಗೆ ತಂದವರು ಭೇರಾದಲ್ಲಿ ಹುಟ್ಟಿ ರಾವಲ್ಪಿಂಡಿಯಲ್ಲಿ ಬೆಳೆದು, ವಿಭಜನೆಯಲ್ಲಿ ಮನೆ ಕಳೆದುಕೊಂಡ ಕುಟುಂಬದ ಹಿಂದೂ. ಅತ್ತ ಕಡೆಯಿಂದ ಬರಬೇಕಾದವನು, ಇತ್ತ ಕಡೆಯಿಂದ ಹೋಗಲು ಒಪ್ಪದವನ ಪಾತ್ರ ಮಾಡಿದ. ದ್ವೇಷಕ್ಕೆ ಕಾರಣ ಬೇಕಿದ್ದರೆ ಅವರಿಗೆ ಬೇಕಾದಷ್ಟಿತ್ತು. ಅವರ ತಮ್ಮ ಭೀಷ್ಮ ಸಾಹ್ನಿ ಅದೇ ಅನುಭವದಿಂದ 'ತಮಸ್' ಬರೆದರು. ಅಣ್ಣ ಸಲೀಂ ಮಿರ್ಜಾ ಆದರು. ಜಾತಿ ಧರ್ಮದ ಲೆಕ್ಕದ ಪುಸ್ತಕದಲ್ಲಿ ಇದನ್ನು ಯಾವ ಖಾತೆಗೆ ಬರೆಯುತ್ತೀರಿ?

ಈ ಇಬ್ಬರು ಸಲೀಮರು 1951ರಲ್ಲೇ ಒಂದು ಚಿತ್ರದಲ್ಲಿ ಜೊತೆಯಾಗಿದ್ದರು. 'ಹಲ್‌ಚಲ್' ಅದರ ಹೆಸರು. ನಿರ್ಮಾಪಕರು ಅದೇ ಕೆ. ಆಸಿಫ್. ಕಮ್ಯುನಿಸ್ಟ್ ಚಟುವಟಿಕೆಗಾಗಿ ಸೆರೆಯಲ್ಲಿದ್ದ ಸಾಹ್ನಿ ಜೈಲಿನಿಂದ ಅನುಮತಿ ಪಡೆದು ಚಿತ್ರೀಕರಣಕ್ಕೆ ಬರುತ್ತಿದ್ದರು. ಅವರ ಪಾತ್ರ ಜೈಲರನದು! ಇಂಥ ಪ್ರಸಂಗಗಳನ್ನು ಹೇಳಬಾರದೆಂದಲ್ಲ. ಇದು ನಮಗೆ ಒಂದು ಕಾಲದ ಚಿತ್ರರಂಗ ಯಾವ ಬಗೆಯ ಜನರನ್ನು ಒಂದೇ ಸೂರಿನಡಿ ಸೇರಿಸಿತ್ತು ಎಂಬುದನ್ನು ತಿಳಿಸುತ್ತದೆ. ಪ್ರಸಂಗ ಚಿತ್ರದ ಕಡೆಗೆ ಕರೆದೊಯ್ದರೆ ಅದಕ್ಕೆ ಬೆಲೆ. ಚಿತ್ರದಿಂದ ದೂರ ಒಯ್ದರೆ ಅದು ಹರಟೆ.

ಕನ್ನಡದಲ್ಲೂ ಇದೇ ಪರೀಕ್ಷೆ ನಮಗೆ ಎದುರಾಗಿದೆ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯಿಂದ ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಮಾಡಿದರು. ತಾರಾ ಅದರಲ್ಲಿ ಹಸೀನಾ ಆದರು. ವೈದೇಹಿಯವರ ಕಥೆಯನ್ನಾಧರಿಸಿದ 'ಗುಲಾಬಿ ಟಾಕೀಸ್' 2008ರಲ್ಲಿ ಬಂತು. ಸಿನಿಮಾ ಹುಚ್ಚಿನ ಮುಸ್ಲಿಂ ಸೂಲಗಿತ್ತಿ ಗುಲಾಬಿಯಾಗಿ ಉಮಾಶ್ರೀ ನಟಿಸಿದರು. ಇಬ್ಬರಿಗೂ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ಬಂತು. ಈ ಚಿತ್ರಗಳ ಬಗ್ಗೆ ನಮ್ಮಲ್ಲಿ ನಡೆದ ಚರ್ಚೆಯಲ್ಲಿ 'ನಮ್ಮ ಸಮುದಾಯವನ್ನು ಸರಿಯಾಗಿ ತೋರಿಸಿದ್ದಾರೆಯೇ' ಎಂಬ ಪ್ರಶ್ನೆಯೇ ಮುಂದಿತ್ತು. ಆ ಪ್ರಶ್ನೆ ಬೇಕು. ಆದರೆ ಟಿವಿಯ ಮುಂದೆ ಕೂತ ಗುಲಾಬಿಯ ಮುಖದಲ್ಲಿ ಉಮಾಶ್ರೀ ತಂದ ಬೆಳಕನ್ನು ನೋಡದೆ ಅದಕ್ಕೆ ಉತ್ತರ ಸಿಗುವುದಿಲ್ಲ.

'ಮುಘಲ್-ಎ-ಆಜಮ್' 2004ರಲ್ಲಿ ಪೂರ್ತಿ ಬಣ್ಣ ಬಳಿದುಕೊಂಡು ಮತ್ತೆ ಚಿತ್ರಮಂದಿರಗಳಿಗೆ ಬಂತು. 'ಗರ್ಮ್ ಹವಾ' 2014ರಲ್ಲಿ ಗೀರು ಕಲೆಗಳನ್ನು ಒರೆಸಿಕೊಂಡು ಬಂತು. ಮೊದಲನೆಯದಕ್ಕೆ ಮನೆಮಂದಿಯೆಲ್ಲ ಹೋದರು. ಎರಡನೆಯದು ಬಂದದ್ದೂ ಹೋದದ್ದೂ ಹಲವರಿಗೆ ತಿಳಿಯಲಿಲ್ಲ. ನಾವು ಮೊದಲನೆಯದನ್ನು ಬಿಡಬೇಕೆಂದು ಹೇಳುತ್ತಿಲ್ಲ. ಆ ಗರಿಯ ದೃಶ್ಯವಿಲ್ಲದ ಹಿಂದಿ ಚಿತ್ರರಂಗ ಬಡವಾದೀತು. ಎರಡನ್ನೂ ಒಂದೇ ವಾರದಲ್ಲಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಬೇಕೆಂಬುದು ನಮ್ಮ ಬಿನ್ನಹ. ಮೊದಲನೆಯದನ್ನು ನೋಡುವಾಗ ಮಕ್ಕಳು 'ಇವರು ನಿಜವಾಗಿ ಮದುವೆಯಾದರಾ?' ಎಂದು ಕೇಳುತ್ತಾರೆ. ಎರಡನೆಯದನ್ನು ನೋಡುವಾಗ ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ.

ಆ ಚಿತ್ರದ ಕೊನೆಯಲ್ಲಿ ಸಲೀಂ ಮಿರ್ಜಾ ಕೂಡ ಸೋತು ಟಾಂಗಾ ಹತ್ತಿ ನಿಲ್ದಾಣಕ್ಕೆ ಹೊರಡುತ್ತಾನೆ. ದಾರಿಯಲ್ಲಿ ಕೆಲಸ ಕೇಳುವ ಜನರ ಮೆರವಣಿಗೆ ಅಡ್ಡ ಬರುತ್ತದೆ. ಸಿಕಂದರ್ ಇಳಿದು ಅದನ್ನು ಸೇರುತ್ತಾನೆ. ಅಪ್ಪ ಹೆಂಡತಿಯನ್ನು ಮನೆಗೆ ಹಿಂದಿರುಗಲು ಹೇಳಿ ತಾನೂ ಇಳಿಯುತ್ತಾನೆ. ಈ ಅಂತ್ಯ ಘೋಷಣೆಯಂತಿದೆ ಎಂದು ಟೀಕಿಸಿದವರಿದ್ದಾರೆ. ಇರಬಹುದು. ಆದರೆ ಸಾಹ್ನಿ ಇಳಿಯುವ ರೀತಿ ನೋಡಿ. ಕ್ರಾಂತಿಗೆ ಧುಮುಕುವವನ ಆವೇಶ ಅದರಲ್ಲಿಲ್ಲ. ಬಹಳ ದಿನ ಒಬ್ಬನೇ ಕೂತು ಬೇಸತ್ತವನು ಬೀದಿಯಲ್ಲಿ ನಾಲ್ಕು ಜನರ ಮಾತು ಕೇಳಿ ಹೊರಗೆ ಬಂದ ಹಾಗಿದೆ. ಅಲ್ಲಿಯವರೆಗೆ ಎಲ್ಲರನ್ನೂ ಗಾಡಿ ಹತ್ತಿಸಿ ಕಳಿಸಿದವನು ತನ್ನ ಗಾಡಿಯಿಂದ ತಾನೇ ಇಳಿದಿದ್ದಾನೆ.